ಲೀಟರ್‌ಗಿಷ್ಟು ರಸ್ತೆಗೆ: ಆ ದುಡ್ಡು ಹೋಗೋ ದಾರಿ

ಹೋದ ಸೆಮಿಸ್ಟರ್‌ನಲ್ಲಿ ನನ್ನ ರೂಮ್‌ಮೇಟ್ ರಾತ್ರಿ ಫುಡ್ ಡೆಲಿವರಿ ಮುಗಿಸಿ ಬರುವಾಗ ನೀರು ತುಂಬಿದ ಗುಂಡಿಗೆ ಬೈಕ್ ಇಳಿಸಿ ಬಿದ್ದ. ಕೈ ಮುರೀತು, ಆರು ವಾರ ಪ್ಲಾಸ್ಟರ್, ಎರಡು ಲ್ಯಾಬ್ ಇಂಟರ್ನಲ್ಸ್ ಕೈಬಿಟ್ಟು ಹೋಯ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಪ್ರತಿ ಲೀಟರ್‌ಗೂ ರೋಡ್ ಹೆಸರಲ್ಲಿ ದುಡ್ಡು ಕಟ್ತೀನಲ್ಲ, ಅದೆಲ್ಲಿ ಹೋಯ್ತು?" ನಾವೆಲ್ಲ "ತಿಂದಿರ್ತಾರೆ ಬಿಡು" ಅಂದು ಸುಮ್ಮನಾದ್ವಿ. ಆಮೇಲೆ ಕೂತು ಓದಿದಾಗ, ಅನುಮಾನಕ್ಕೆ ಕಾರಣ ಇದೆ, ಆದರೆ ನಾವು ಅಂದುಕೊಂಡ ಕಾರಣ ಅಲ್ಲ ಅಂತ ಗೊತ್ತಾಯ್ತು.

ತೆರಿಗೆ ಬೇರೆ, ಸೆಸ್ ಬೇರೆ

ಪೆಟ್ರೋಲ್ ಬೆಲೆಯಲ್ಲಿ ಎರಡು ಸರ್ಕಾರಗಳ ಪಾಲಿದೆ. ರಾಜ್ಯದ್ದು ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಕರ್ನಾಟಕ ಇದನ್ನು ಪೆಟ್ರೋಲ್ ಮೇಲೆ ಶೇ 25.92ರಿಂದ 29.84ಕ್ಕೆ ಏರಿಸಿತು. ಈ ಹಣ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ, ರಸ್ತೆಗೇ ಖರ್ಚು ಮಾಡಬೇಕು ಅಂತೇನೂ ಇಲ್ಲ.

ಕೇಂದ್ರದ್ದು ಅಬಕಾರಿ ಸುಂಕ. 2022ರ ಮೇ ಕಡಿತದ ನಂತರ ಅದು ಪೆಟ್ರೋಲ್ ಲೀಟರ್‌ಗೆ 19.90 ರೂಪಾಯಿ ಇತ್ತು. ಅದರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ ಮಾತ್ರ. ಸೆಸ್ ಅಂದ್ರೆ ಒಂದು ನಿರ್ದಿಷ್ಟ ಕೆಲಸದ ಹೆಸರು ಹೇಳಿ ವಸೂಲಿ ಮಾಡುವ ಹಣ. "ನಮ್ಮ ದುಡ್ಡು ರಸ್ತೆಗೆ" ಅಂತ ಹಕ್ಕಿನಿಂದ ಕೇಳಬಹುದಾದ್ದು ಇದೊಂದನ್ನೇ.

ಈ ಯೋಚನೆ ಹೊಸದಲ್ಲ. ಜಯಕರ್ ಸಮಿತಿಯ ಶಿಫಾರಸಿನಂತೆ 1929ರಲ್ಲೇ ಪೆಟ್ರೋಲ್ ಸುಂಕದಿಂದ ಕೇಂದ್ರ ರಸ್ತೆ ನಿಧಿ ಶುರುವಾಯಿತು. 2000ದ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು: ಡೀಸೆಲ್ ಸೆಸ್‌ನ ಅರ್ಧ ಹಳ್ಳಿ ರಸ್ತೆಗೆ, ಉಳಿದದ್ದರಲ್ಲಿ ಶೇ 57.5 ರಾಷ್ಟ್ರೀಯ ಹೆದ್ದಾರಿಗೆ, ಶೇ 30 ರಾಜ್ಯ ರಸ್ತೆಗಳಿಗೆ, ಶೇ 12.5 ರೈಲ್ವೆ ಮೇಲ್ಸೇತುವೆ, ಕೆಳಸೇತುವೆಗಳಿಗೆ.

ಹೆಸರು ಬದಲಾದ 8 ರೂಪಾಯಿ

2018ರ ಬಜೆಟ್‌ನಲ್ಲಿ ಎರಡು ಬದಲಾವಣೆ ಆದವು. ಮೊದಲನೆಯದು: ಮೂಲ ಸುಂಕದಲ್ಲಿ 2 ರೂಪಾಯಿ ಇಳಿಸಿದರು, 6 ರೂಪಾಯಿಯ ಹಳೆ ರಸ್ತೆ ಸೆಸ್ ತೆಗೆದರು, 8 ರೂಪಾಯಿಯ ಹೊಸ ಸೆಸ್ ಹಾಕಿದರು. ಕೂಡಿಸಿ ಕಳೆದರೆ ಸೊನ್ನೆ, ಬಂಕ್‌ನಲ್ಲಿ ನಮಗೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಮೂಲ ಸುಂಕವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕು, ಸೆಸ್ ಅನ್ನು ಹಂಚಬೇಕಿಲ್ಲ. ಎರಡನೆಯದು: ನಿಧಿಯ ಹೆಸರಿಗೆ "ಮೂಲಸೌಕರ್ಯ" ಸೇರಿತು. ಅಲ್ಲಿಂದ ರೈಲು, ಜಲಮಾರ್ಗ, ಆಸ್ಪತ್ರೆಯಂಥ ಕೆಲಸಗಳಿಗೂ ಬಳಸಲು ದಾರಿಯಾಯಿತು. ಅವೂ ಬೇಕಾದವೇ. ಆದರೆ ರಸ್ತೆಗೆ ಅಂತ ಕೊಟ್ಟವನಿಗೆ ತನ್ನ ದುಡ್ಡನ್ನು ಹಿಂಬಾಲಿಸುವುದು ಕಷ್ಟವಾಯಿತು.

ಮಧ್ಯದ ಟ್ಯಾಂಕ್

ನಾವು ಓದೋ ಮಾಸ್ ಬ್ಯಾಲೆನ್ಸ್ ನೆನಪಿಸಿಕೊಳ್ಳಿ: ಒಳಬಂದದ್ದು = ಹೊರಹೋದದ್ದು + ಉಳಿದದ್ದು. ಸೆಸ್ ನೇರವಾಗಿ ರಸ್ತೆ ನಿಧಿಗೆ ಹೋಗುವುದಿಲ್ಲ. ಮೊದಲು ಭಾರತದ ಸಂಚಿತ ನಿಧಿಗೆ, ನಂತರ ಸಂಸತ್ತಿನ ಒಪ್ಪಿಗೆಯೊಂದಿಗೆ ರಸ್ತೆ ನಿಧಿಗೆ. ಸೋರಿಕೆಯ ಅನುಮಾನ ಹುಟ್ಟುವುದು ಈ ಮಧ್ಯದ ಟ್ಯಾಂಕ್‌ನಲ್ಲೇ. 2018-19ರಲ್ಲಿ ಎಲ್ಲ ಬಗೆಯ ಸೆಸ್, ಲೆವಿಗಳಿಂದ ಬಂದದ್ದು ಸುಮಾರು 2.75 ಲಕ್ಷ ಕೋಟಿ ರೂಪಾಯಿ, ಆಯಾ ನಿಧಿಗಳಿಗೆ ವರ್ಗವಾದದ್ದು ಸುಮಾರು 1.64 ಲಕ್ಷ ಕೋಟಿ ಅಂತ ಸಿಎಜಿ ವರದಿ ಮಾಡಿತು. ವರ್ಗವಾಗದೆ ಉಳಿದದ್ದರಲ್ಲಿ ರಸ್ತೆ ಸೆಸ್ ಕೂಡ ಇತ್ತು.

ಇದನ್ನು ಕಳ್ಳತನ ಅನ್ನೋಕಾಗಲ್ಲ, ಹಣ ಸರ್ಕಾರದಲ್ಲೇ ಇದೆ. ಆದರೆ ಹೇಳಿದ ಕೆಲಸಕ್ಕೇ ಹೋಯಿತು ಅಂತ ತೋರಿಸೋಕೂ ಆಗಲ್ಲ. ಅಪನಂಬಿಕೆಯ ಬೇರು ಇದು.

ಹಾಗಾದ್ರೆ ಆ ಗುಂಡಿ?

ರೂಮ್‌ಮೇಟ್ ಬಿದ್ದದ್ದು ಬಡಾವಣೆಯ ಒಳರಸ್ತೆಯಲ್ಲಿ. ಮೇಲಿನ ಹಂಚಿಕೆ ಇನ್ನೊಮ್ಮೆ ನೋಡಿ: ಹಳ್ಳಿ ರಸ್ತೆ, ಹೆದ್ದಾರಿ, ರಾಜ್ಯ ರಸ್ತೆ. ನಗರದ ಒಳಬೀದಿಗೆ ಅಂತ ಪ್ರತ್ಯೇಕ ಪಾಲೇ ಇಲ್ಲ. ಅದರ ಹೊಣೆ ಸ್ಥಳೀಯ ಸಂಸ್ಥೆಯದು, ಅದಕ್ಕೆ ಆಸ್ತಿ ತೆರಿಗೆ ಮತ್ತು ಅನುದಾನವೇ ಆಧಾರ. ಸೆಸ್‌ನ ಪ್ರತಿ ಪೈಸೆಯೂ ಪ್ರಾಮಾಣಿಕವಾಗಿ ಖರ್ಚಾಗಿದ್ದರೂ ಆ ಗುಂಡಿ ಮುಚ್ಚುತ್ತಿತ್ತು ಅನ್ನೋ ಖಾತ್ರಿ ಇಲ್ಲ. ಅಂದ್ರೆ ನಮ್ಮ ಸಿಟ್ಟು ಸರಿ, ವಿಳಾಸ ತಪ್ಪು.

ನಾವೇನು ಮಾಡಬಹುದು?

"ಎಲ್ರೂ ತಿಂತಾರೆ" ಅಂದ್ರೆ ಯಾರೂ ಉತ್ತರ ಕೊಡಬೇಕಿಲ್ಲ. ಪ್ರಶ್ನೆ ಚಿಕ್ಕದಾಗಿರಲಿ. ಈ ರಸ್ತೆ ಯಾರದ್ದು? ಕೊನೆಯ ಸಲ ಡಾಂಬರು ಹಾಕಿದ್ದು ಯಾವಾಗ? ಗುತ್ತಿಗೆದಾರನ ನಿರ್ವಹಣಾ ಅವಧಿ ಎಲ್ಲಿಯವರೆಗೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಚಿಕ್ಕದು!

ರೂಮ್‌ಮೇಟ್ ಪ್ಲಾಸ್ಟರ್ ಬಿಚ್ಚಿಸಿದ ವಾರ ಇಬ್ಬರೂ ಕೂತು ಒಂದು ಅರ್ಜಿ ಬರೆದಿದ್ದೇವೆ. ಸಹಿ ಅವನದ್ದೇ, ಇನ್ನೂ ಸ್ವಲ್ಪ ಸೊಟ್ಟ.