ಹಾವು ಕಡಿದಾಗ ವೈದ್ಯರು ಏನನ್ನು ಕಾಯುತ್ತಾರೆ?

ಹಿರೇಕೆರೂರು, ರಟ್ಟೀಹಳ್ಳಿ ಕಡೆ ಗೋವಿನಜೋಳದ ತೆನೆ ಅಂಗಳಕ್ಕೆ ಬಂದು ಬಿತ್ತೆಂದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹಾವು ಕಡಿದವರನ್ನು ಆಸ್ಪತ್ರೆಗೆ ಒಯ್ದ ಮನೆಯವರ ದೂರು ಸಾಮಾನ್ಯವಾಗಿ ಒಂದೇ: “ಡಾಕ್ಟರು ಇಂಜೆಕ್ಷನ್ ಕೊಡದೆ ಸುಮ್ಮನೆ ಮಲಗಿಸಿದರು.” ಸಿಟ್ಟಿನಿಂದ ರೋಗಿಯನ್ನು ಎಬ್ಬಿಸಿಕೊಂಡು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೊರಟುಬಿಡುವವರೂ ಇದ್ದಾರೆ. ಆ ಪ್ರಯಾಣದಲ್ಲೇ ಜೀವ ಹೋಗಬಹುದು. ಆದ್ದರಿಂದ ಆ ಹೊತ್ತಿನಲ್ಲಿ ವೈದ್ಯರು ಏನನ್ನು ಗಮನಿಸುತ್ತಿರುತ್ತಾರೆ ಎಂಬುದು ನಿಮಗೂ ತಿಳಿದಿರಲಿ.

ವಿಷದ ಹಾವು ಕಡಿದರೂ ಪ್ರತಿ ಬಾರಿ ವಿಷ ಇಳಿಯುವುದಿಲ್ಲ. ಇತ್ತ, ಪ್ರತಿವಿಷದ ಔಷಧವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅದು ಒಗ್ಗದೆ ಮೈಯೆಲ್ಲ ಗಂಧೆ ಎದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು. ಹಾಗಾಗಿಯೇ ವೈದ್ಯರು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡೇ ಅದನ್ನು ಶುರು ಮಾಡುತ್ತಾರೆ. ವಿಷ ಏರಿದ ಲಕ್ಷಣವಿಲ್ಲದೆ ಕೊಡುವುದಿಲ್ಲ. ಲಕ್ಷಣ ಕಂಡರೆ ತಡಮಾಡುವುದೂ ಇಲ್ಲ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ನೀವು “ಸುಮ್ಮನೆ ಕೂತಿದ್ದಾರೆ” ಎಂದುಕೊಳ್ಳುವ 20 ನಿಮಿಷ ಇದೇ. ಮೊದಲ ಪರೀಕ್ಷೆ ಸರಿ ಬಂದರೂ ಮತ್ತೆ ಮತ್ತೆ ಮಾಡಿ, 24 ಗಂಟೆ ಉಳಿಸಿಕೊಳ್ಳುತ್ತಾರೆ. ಮಕ್ಕಳಿಗೂ ದೊಡ್ಡವರಷ್ಟೇ ಔಷಧ ಕೊಡುತ್ತಾರೆ, ಗಾಬರಿಯಾಗಬೇಡಿ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ!

ಕಟ್ಟುಹಾವಿನದು ಬೇರೆ ಕಥೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ; ನೋವಿಲ್ಲ, ಬಾವಿಲ್ಲ, ಗುರುತು ಕಾಣದೆಯೂ ಇರಬಹುದು. ಫಜ್ರ್‌ಗೆ ಎದ್ದವರಿಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದು, ಮಾತು ತೊದಲು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಮಲಗಿಸಿದರೆ ಮುಗಿಯಿತು. ಮಲಗುವ ಮುನ್ನ ಹಾಸಿಗೆ ಕೊಡವುವ ಸುನ್ನತ್ ಇಲ್ಲಿ ನೇರವಾಗಿ ಜೀವ ಉಳಿಸುತ್ತದೆ. ಜೊತೆಗೆ ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿರಿ.

ಈ ವಿಷ ಏರಿದಾಗ ಉಸಿರಾಟದ ಸ್ನಾಯುಗಳು ಸೋಲುತ್ತವೆ. ರೋಗಿಯ ಕಣ್ಣು ಮುಚ್ಚಿರುತ್ತದೆ, ಕೈಕಾಲು ಅಲುಗುವುದಿಲ್ಲ. ಆದರೆ ಪ್ರಜ್ಞೆ ಇರಬಹುದು, ನಿಮ್ಮ ಮಾತೆಲ್ಲ ಕೇಳಿಸುತ್ತಿರಬಹುದು. ತಲೆದೆಸೆಯಲ್ಲಿ ಅಳುತ್ತಾ “ಹೋದ” ಎಂದು ಹೇಳಬೇಡಿ. ಚೀಲ ಒತ್ತಿ ಉಸಿರು ಕೊಡುತ್ತಾ ಹೋದರೆ, ಯಂತ್ರದ ನೆರವಿನಿಂದ ದಿನಗಟ್ಟಲೆ ಬದುಕಿ ಎದ್ದು ಬಂದವರಿದ್ದಾರೆ.

ಇನ್ನು ನಿಮ್ಮ ಪಾಲಿನ ಕೆಲಸ. ಕಡಿದ ಸಮಯ ಬರೆದಿಟ್ಟುಕೊಳ್ಳಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮುರಿದ ಮೂಳೆಗೆ ಕಟ್ಟುವಂತೆ ಕೈ ಅಥವಾ ಕಾಲಿಗೆ ಪಟ್ಟಿ ಕೊಟ್ಟು ಅಲುಗದಂತಿಡಿ, ನಡೆಸಬೇಡಿ. ಬಿಗಿ ಹಗ್ಗ, ಬ್ಲೇಡು, ಬಾಯಿಂದ ಹೀರುವುದು ಯಾವುದೂ ಬೇಡ. ಯಾರಾದರೂ ಹಗ್ಗ ಬಿಗಿದುಬಿಟ್ಟಿದ್ದರೆ ಮನೆಯಲ್ಲಿ ತಟ್ಟನೆ ಬಿಚ್ಚದೆ, ಆಸ್ಪತ್ರೆಯಲ್ಲೇ ಬಿಚ್ಚಿಸಿ. ಹಾವನ್ನು ಹುಡುಕಿ ಹೊಡೆದು ತರಲು ಹೋದರೆ ಎರಡನೆಯ ರೋಗಿ ಸಿದ್ಧನಾಗುತ್ತಾನೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಔಷಧ ಒಂದೇ.

ಮಂತ್ರಿಸುವವರ ಮನೆಯಲ್ಲಿ ಕಳೆಯುವ ಒಂದು ಗಂಟೆ ಮರಳಿ ಸಿಗುವುದಿಲ್ಲ. ದುಆ, ಓದುವುದು ಗಾಡಿಯಲ್ಲೇ ಆಗಲಿ. ಗಂಡಸರು ಬರಲೆಂದು ಹೆಂಗಸರು ಕಾಯಬೇಕಿಲ್ಲ, 108ಕ್ಕೆ ನೀವೇ ಕರೆ ಮಾಡಿ. ದಾರಿಯಲ್ಲೇ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಔಷಧ ಇದೆಯೇ ಎಂದು ಕೇಳಿ. ಅಲ್ಲಿ ಮೊದಲ ಡೋಸ್ ಬಿದ್ದ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದರೆ, ಕೊಟ್ಟ ಔಷಧ ಎಷ್ಟು, ಯಾವ ಹೊತ್ತಿಗೆ ಎಂಬ ಚೀಟಿ ಕೇಳಿ ಪಡೆಯಿರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣವನ್ನು ಖಾಸಗಿ ಆಸ್ಪತ್ರೆಗಳೂ ಆರೋಗ್ಯ ಇಲಾಖೆಗೆ ವರದಿ ಮಾಡಬೇಕು, ಆದ್ದರಿಂದ ಯಾವುದನ್ನೂ ಮುಚ್ಚಿಡಬೇಡಿ.

ಮನೆಗೆ ಮರಳಿದ ಮೇಲೆ ಒಸಡಿನಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಹಿಂತಿರುಗಿ. ವಾರದ ಆಸುಪಾಸಿನಲ್ಲಿ ಜ್ವರ, ಕೀಲುನೋವು, ತುರಿಕೆ ಬಂದರೆ ಅದು ಔಷಧದ ಪರಿಣಾಮವಿರಬಹುದು. ಅದಕ್ಕೂ ಚಿಕಿತ್ಸೆಯಿದೆ, ಚೀಟಿ ತೋರಿಸಿ.