ಪರದೆಯ ಸ್ಲೈಡುಗಳನ್ನು ಕಾಗದದ ಅಳತೆಗೆ ಹೊಂದಿಸುವ ಕ್ರಮ

ವ್ಯವಸಾಯದ ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿದ ಸ್ಲೈಡುಗಳನ್ನು ತರುವಾಯ ಕಾಗದದ ಮೇಲೆ ಅಚ್ಚುಮಾಡಿಸಿ, ಊರಿನ ಚಾವಡಿಯಲ್ಲಿಯೂ ಸೊಸೈಟಿಯ ಗೋಡೆಯ ಮೇಲೆಯೂ ಅಂಟಿಸುವುದು ಒಳ್ಳೆಯ ಪದ್ಧತಿ. ಆದರೆ ಪರದೆಯ ಅಳತೆಯೇ ಬೇರೆ, ಕಾಗದದ ಅಳತೆಯೇ ಬೇರೆ. ಇದನ್ನು ಗಮನಿಸದಿದ್ದರೆ ಒದಗುವ ಹಾನಿಗೆ ನನ್ನ ಅನುಭವದಲ್ಲಿಯೇ ಒಂದು ನಿದರ್ಶನವುಂಟು.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸತಕ್ಕ ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು ಬೇಕು. ನನ್ನ ಸ್ಲೈಡಿನಲ್ಲಿ ನೀರಿನ ಪ್ರಮಾಣವು ಬಲಗಡೆಯ ಕೊನೆಯ ಅಂಕಣದಲ್ಲಿತ್ತು. ಅವಸರದಲ್ಲಿ ಅಳತೆಯನ್ನು ಬದಲಾಯಿಸಿದ್ದರಿಂದ ಕಡೆಯ ಸೊನ್ನೆಯು ಅಂಚಿನಾಚೆಗೆ ಹೋಗಿ, ಹಾಳೆಯಲ್ಲಿ 10 ಎಂದು ಮಾತ್ರ ಉಳಿಯಿತು. ಹತ್ತೇ ಲೀಟರು ನೀರು ಬೆರೆಸಿದರೆ ಅದು ಕಾಂಡಕ್ಕೆ ಬಳಿಯುವ ಪೇಸ್ಟಾಗುವುದೇ ಹೊರತು ಸಿಂಪಡಿಸುವ ದ್ರಾವಣವಾಗದು. ಹಿರಿಯ ತೋಟಗಾರರೊಬ್ಬರು ಇದನ್ನು ಕಂಡು ತಿಳಿಸಿದ್ದರಿಂದ, ಯಾರೂ ಔಷಧ ಕಲಸುವುದಕ್ಕೆ ಮುಂಚೆಯೇ ಹಾಳೆಗಳನ್ನು ಹಿಂದಕ್ಕೆ ತರಿಸಿದೆನು.

ಅಳತೆಗಳ ವ್ಯತ್ಯಾಸ.— ಪವರ್‌ಪಾಯಿಂಟಿನ ಈಗಿನ ಸಾಧಾರಣ ಸ್ಲೈಡು 33.87 ಸೆಂಟಿಮೀಟರು ಅಗಲ, 19.05 ಸೆಂಟಿಮೀಟರು ಎತ್ತರವುಳ್ಳದ್ದು. ಅಂದರೆ 16ಕ್ಕೆ 9ರ ಪ್ರಮಾಣ. ಅಡ್ಡಲಾಗಿಟ್ಟ ಎ4 ಹಾಳೆಯಾದರೋ 29.7 ಸೆಂಟಿಮೀಟರು ಅಗಲ, 21 ಸೆಂಟಿಮೀಟರು ಎತ್ತರ. ಆದಕಾರಣ ಒಂದು ಮತ್ತೊಂದರಲ್ಲಿ ಸರಿಯಾಗಿ ಕೂಡಲಾರದು.

ಹೊಂದಿಸುವ ಕ್ರಮ.—

1. ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳತಕ್ಕದ್ದು. ಮೂಲವು ಪರದೆಗೆ, ಪ್ರತಿಯು ಕಾಗದಕ್ಕೆ.

2. 'ಡಿಸೈನ್' ಎಂಬಲ್ಲಿ 'ಸ್ಲೈಡ್ ಸೈಜ್', ಅದರಲ್ಲಿ 'ಕಸ್ಟಮ್ ಸ್ಲೈಡ್ ಸೈಜ್' ಎಂಬುದನ್ನು ತೆರೆಯತಕ್ಕದ್ದು. ಅಲ್ಲಿಯ ಪಟ್ಟಿಯಲ್ಲಿ 'ಎ4 ಪೇಪರ್' ಎಂದಿದ್ದರೂ ಅದನ್ನು ಆರಿಸಿದರೆ ಬರುವ ಅಳತೆಯು ಸುಮಾರು 27.5ಕ್ಕೆ 19.05 ಮಾತ್ರ, ಹಾಳೆಯ ಪೂರ್ಣ ಅಳತೆಯಲ್ಲ. ಆದ್ದರಿಂದ ಅಗಲ 29.7, ಎತ್ತರ 21 ಎಂದು ನಾವೇ ಬರೆಯುವುದು ಲೇಸು.

3. ಆಗ ಯಂತ್ರವು 'ಮ್ಯಾಕ್ಸಿಮೈಜ್' ಎಂದೂ 'ಎನ್‌ಶೂರ್ ಫಿಟ್' ಎಂದೂ ಎರಡು ಮಾರ್ಗಗಳನ್ನು ಕೇಳುವುದು. ಮೊದಲನೆಯದನ್ನು ಆರಿಸಿದರೆ ಬರಹವು ದೊಡ್ಡದಾಗಿ, ಸ್ಲೈಡಿನ ಎಡಬಲಗಳಲ್ಲಿ ಸುಮಾರು 3.8 ಸೆಂಟಿಮೀಟರಿನಷ್ಟು ಭಾಗವು ಹೊರಕ್ಕೆ ಹೋಗುವುದು. ನನ್ನ ಸೊನ್ನೆಯು ಹೋದದ್ದು ಇಲ್ಲಿಯೇ. ಎರಡನೆಯದರಲ್ಲಿ ಬರಹವು ಸ್ವಲ್ಪ ಚಿಕ್ಕದಾದರೂ ಏನೂ ಕಳೆದುಹೋಗದು. ಮೇಲೆಯೂ ಕೆಳಗೂ ಕೂಡಿ ಸುಮಾರು 4.3 ಸೆಂಟಿಮೀಟರು ಬರಿದಾಗಿ ಉಳಿಯುವುದು. ಇದನ್ನೇ ಆರಿಸತಕ್ಕದ್ದು. ಉಳಿದ ಸ್ಥಳದಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಬಹುದು.

4. ಸಾಮಾನ್ಯ ಪ್ರಿಂಟರುಗಳು ಹಾಳೆಯ ಅಂಚಿನವರೆಗೂ ಅಚ್ಚೊತ್ತಲಾರವು. ಸುತ್ತಲೂ 1 ಸೆಂಟಿಮೀಟರು ಬಿಟ್ಟು, ಅಚ್ಚಿಗೆ ಕಳುಹಿಸುವಾಗ 'ಸ್ಕೇಲ್ ಟು ಫಿಟ್ ಪೇಪರ್' ಎಂಬ ಗುರುತನ್ನು ಹಾಕತಕ್ಕದ್ದು.

ಗೋಡೆಗೆ ದೊಡ್ಡ ಹಾಳೆ ಬೇಕಾದರೆ ಎ3 ಅನುಕೂಲ. ಅದು 42ಕ್ಕೆ 29.7 ಸೆಂಟಿಮೀಟರು, ಎ4ರ ಪ್ರಮಾಣವೇ ಅದಕ್ಕೂ ಇರುವುದರಿಂದ ಸ್ಲೈಡನ್ನು ಪುನಃ ತಿದ್ದಬೇಕಾಗಿಲ್ಲ.

ಕಡೆಯದಾಗಿ, ಒಂದೇ ಪ್ರತಿಯನ್ನು ಅಚ್ಚುಮಾಡಿಸಿ, ಮೂಲದೊಡನೆ ಪ್ರತಿಯೊಂದು ಅಂಕಿಯನ್ನೂ ಬೆರಳಿಟ್ಟು ಹೋಲಿಸಿದ ಮೇಲೆಯೇ ಉಳಿದವುಗಳನ್ನು ತೆಗೆಸತಕ್ಕದ್ದು. ಗ್ರಾಮದ ಮುಖಂಡರೂ ಜಮೀನುದಾರರೂ ಗೋಡೆಗೆ ಅಂಟಿಸುವ ಹಾಳೆಯನ್ನು ಊರಿನವರು ನಂಬಿ ನಡೆಯುವರು. ಇಲಾಖೆಯಿಂದ ಬಂದ ಹಾಳೆಯಾದರೂ ಅನುಮಾನ ತೋರಿದ ಕೂಡಲೇ ವಿಚಾರಿಸಲು ಯಾರೂ ಸಂಕೋಚಪಡಬಾರದೆಂದು ಪ್ರಾರ್ಥನೆ.