ಅಜ್ಜಿಯ ಕಾಲ್ನಡಿಗೆ

ಬಾಲ್ಯ ಆಟಕ್ಕೆ, ಯೌವನ ದುಡಿಮೆಗೆ, ವಾರ್ಧಕ್ಯ ವಿಶ್ರಾಂತಿಗೆ ಎಂಬುದು ಲೋಕರೂಢಿಯ ಲೆಕ್ಕ. ಸಾಹಸವೆಂಬುದು ತರುಣರ ಸೊತ್ತು. ತಲೆ ನರೆತವರು ಜಗುಲಿಯ ಮೇಲೆ ಕುಳಿತು ಹಳೆಯ ದಿನಗಳನ್ನು ನೆನೆಯುತ್ತಿದ್ದರೆ ಸಾಕು ಎಂದು ನಾವು ಭಾವಿಸುತ್ತೇವೆ. ಈ ಲೆಕ್ಕ ತಪ್ಪೆಂಬುದನ್ನು ತಮ್ಮ ಎರಡು ಕಾಲುಗಳಿಂದಲೇ ತೋರಿಸಿಕೊಟ್ಟ ಒಬ್ಬ ಅಜ್ಜಿಯ ಕಥೆ ಇದು.

ಆಕೆಯ ಹೆಸರು ಎಮ್ಮಾ ಗೇಟ್‌ವುಡ್. 1887ರಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿ ಜನಿಸಿದ ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿವಾಹವಾದರು. ಹನ್ನೊಂದು ಮಕ್ಕಳ ತಾಯಿಯಾಗಿ, ಹೊಲದಲ್ಲಿಯೂ ಮನೆಯಲ್ಲಿಯೂ ಎಡೆಬಿಡದೆ ದುಡಿದರು. ಗಂಡ ಕ್ರೂರಿ. ಅವನ ಹೊಡೆತಗಳನ್ನು ಮೂರು ದಶಕಗಳಿಗೂ ಮಿಕ್ಕಿ ಸಹಿಸಿ, ಕಡೆಗೆ ನ್ಯಾಯಾಲಯದ ಮೂಲಕ ಅವನಿಂದ ಬೇರೆಯಾದರು. ಆ ಕಷ್ಟದ ದಿನಗಳಲ್ಲಿ ಆಕೆಗೆ ನೆಮ್ಮದಿ ದೊರೆಯುತ್ತಿದ್ದುದು ಕಾಡಿನಲ್ಲಿ. ಗಿಡಮರಗಳ ನಡುವೆ ಅಡ್ಡಾಡುತ್ತ, ತಿನ್ನಲು ಯೋಗ್ಯವಾದ ಸೊಪ್ಪು, ಹಣ್ಣುಗಳ ಗುರುತನ್ನು ಆಕೆ ಕಲಿತುಕೊಂಡರು.

ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಒಮ್ಮೆ ಹಳೆಯ ಮಾಸಪತ್ರಿಕೆಯೊಂದರಲ್ಲಿ ಅಪಲೇಚಿಯನ್ ಕಾಲುದಾರಿಯನ್ನು ಕುರಿತ ಲೇಖನ ಆಕೆಯ ಕಣ್ಣಿಗೆ ಬಿದ್ದಿತು. 1921ರಲ್ಲಿ ಬೆಂಟನ್ ಮೆಕೈ ಎಂಬವರು ಕಲ್ಪಿಸಿ, 1937ರಲ್ಲಿ ಪೂರ್ಣಗೊಂಡ ಆ ದಾರಿ, ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್ ರಾಜ್ಯದವರೆಗೆ ಹದಿನಾಲ್ಕು ರಾಜ್ಯಗಳ ಬೆಟ್ಟಗಳನ್ನು ಹತ್ತಿ ಇಳಿಯುತ್ತ ಸಾಗುತ್ತದೆ. ಆಗ ಅದರ ಉದ್ದ ಸುಮಾರು 3,300 ಕಿಲೋಮೀಟರು. ಅದನ್ನು ಒಂದೇ ಯಾನದಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಹೆಂಗಸು ಅದುವರೆಗೆ ಒಬ್ಬರೂ ಇರಲಿಲ್ಲ. ತಾವೇಕೆ ನಡೆಯಬಾರದು ಎಂಬ ಯೋಚನೆ ಎಮ್ಮಾ ಅವರ ಮನಸ್ಸಿನಲ್ಲಿ ಬೇರೂರಿತು.

1954ರಲ್ಲಿ ಆಕೆ ಮೇನ್ ರಾಜ್ಯದ ತುದಿಯಿಂದ ಹೊರಟರು. ಆದರೆ ಕೆಲವೇ ದಿನಗಳಲ್ಲಿ ಕಾಡಿನಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು, ತಂದಿದ್ದ ಆಹಾರ ಮುಗಿಯುತ್ತ ಬಂದಿತು. ಅರಣ್ಯದ ಕಾವಲುಗಾರರು ಆಕೆಯನ್ನು ಕಂಡು, ಮನೆಗೆ ಹಿಂದಿರುಗುವಂತೆ ಬುದ್ಧಿ ಹೇಳಿದರು. ಆಕೆ ಹಿಂದಿರುಗಿದರು. ಮತ್ತೊಬ್ಬರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಎಮ್ಮಾ ಸೋಲನ್ನು ಒಪ್ಪಿಕೊಂಡರು. ಅದನ್ನು ಕಡೆಯ ತೀರ್ಪೆಂದು ಮಾತ್ರ ಒಪ್ಪಲಿಲ್ಲ. ಮರುವರ್ಷದ ಆರಂಭದಿಂದಲೇ ತಾವಿದ್ದ ಊರಿನ ಬೀದಿಗಳಲ್ಲಿ ನಡೆಯುವ ಅಭ್ಯಾಸ ಕೈಗೊಂಡರು. ಮೊದಲು ಸ್ವಲ್ಪ ದೂರ, ಆಮೇಲೆ ಇನ್ನಷ್ಟು ದೂರ. ಹೀಗೆ ಹೆಚ್ಚಿಸುತ್ತ, ದಿನಕ್ಕೆ ಹದಿನಾರು ಕಿಲೋಮೀಟರು ನಡೆಯುವಷ್ಟು ಕಾಲುಗಳನ್ನು ಹದಗೊಳಿಸಿದರು. ತಾವೇ ಹೊಲಿದ ಬಟ್ಟೆಯ ಚೀಲದಲ್ಲಿ ಕಂಬಳಿ, ಮಳೆಯಂಗಿ, ಮಳೆಗೆ ಮರೆಯಾಗಿ ಹಿಡಿಯಲು ಒಂದು ಪ್ಲಾಸ್ಟಿಕ್ ಪರದೆ, ಒಣದ್ರಾಕ್ಷಿ, ಕಡಲೆಕಾಯಿ ಬೀಜ ಮೊದಲಾದುವನ್ನು ತುಂಬಿಕೊಂಡರು. ಗುಡಾರವಿಲ್ಲ, ಭಾರವಾದ ಚರ್ಮದ ಬೂಟುಗಳಿಲ್ಲ, ಕಾಲಿಗೆ ಕ್ಯಾನ್ವಾಸ್ ಬೂಟುಗಳು ಮಾತ್ರ. ಸ್ವಲ್ಪ ನಡೆದಾಡಿ ಬರುತ್ತೇನೆಂದಷ್ಟೇ ಮಕ್ಕಳಿಗೆ ತಿಳಿಸಿ, 1955ರ ಮೇ 3ರಂದು ಜಾರ್ಜಿಯಾದಿಂದ ಹೆಜ್ಜೆ ಹಾಕಿದರು. ಆಗ ಆಕೆಯ ವಯಸ್ಸು ಅರವತ್ತೇಳು. ಮೊಮ್ಮಕ್ಕಳು ಇಪ್ಪತ್ತಮೂರು ಮಂದಿ.

ದಾರಿ ಲೇಖನದಲ್ಲಿ ಬಣ್ಣಿಸಿದಂತೆ ಸುಗಮವಾಗಿರಲಿಲ್ಲ. ಎಷ್ಟೋ ಕಡೆ ಮುಳ್ಳುಪೊದೆಗಳು ಬೆಳೆದು, ಮರಗಳು ಅಡ್ಡಬಿದ್ದು ಹಾದಿಯೇ ಮುಚ್ಚಿಹೋಗಿತ್ತು. ಕೆಲವರು ಆಕೆಯನ್ನು ಕರೆದು ಉಪಚರಿಸಿದರು. ಕೆಲವರು ಅಲೆಮಾರಿಯೆಂದು ಬಾಗಿಲು ಮುಚ್ಚಿದರು. ಅಂಥ ರಾತ್ರಿಗಳಲ್ಲಿ ತರಗೆಲೆಗಳೇ ಹಾಸಿಗೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಎರಡು ಚಂಡಮಾರುತಗಳು ಬೀಸಿ ಹೊಳೆಗಳು ಉಕ್ಕಿ ಹರಿದವು. ಅಂಥ ಹೊಳೆಯೊಂದರ ದಡದಲ್ಲಿ ಆಕೆ ದುಡುಕಲಿಲ್ಲ. ಅಲ್ಲಿಗೆ ಬಂದ ಇಬ್ಬರು ತರುಣ ನಾವಿಕರು ಹಗ್ಗ ಕಟ್ಟಿಕೊಂಡು, ಆಕೆಯನ್ನು ನಡುವೆ ನಿಲ್ಲಿಸಿಕೊಂಡು ದಾಟಿಸಿದರು. ಒಂಟಿಯಾಗಿ ನಡೆಯಬಲ್ಲವರು ಅಗತ್ಯವಾದಾಗ ಇನ್ನೊಬ್ಬರ ಕೈ ಹಿಡಿಯಲು ನಾಚಬೇಕಾಗಿಲ್ಲ. ಹುಂಬತನಕ್ಕೂ ಸಾಹಸಕ್ಕೂ ಇರುವ ಅಂತರ ಇದೇ.

ಸೆಪ್ಟೆಂಬರ್ 25ರಂದು, ನೂರನಲವತ್ತಾರನೆಯ ದಿನ, ಸುಮಾರು 1,600 ಮೀಟರು ಎತ್ತರದ ಕಟಾಡಿನ್ ಪರ್ವತದ ಶಿಖರದ ಮೇಲೆ ಆಕೆ ನಿಂತರು. ಹಿಂದಿನ ವರ್ಷ ಸೋತದ್ದು ಇದೇ ಪರ್ವತದ ಆಸುಪಾಸಿನ ಕಾಡಿನಲ್ಲಿ. ದಾರಿಯ ದುಃಸ್ಥಿತಿಯನ್ನು ಆಕೆ ಪತ್ರಿಕೆಗಳವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಅದರಿಂದ ದಾರಿಯ ಪಾಲನೆಯ ಕಡೆಗೆ ಜನರ ಗಮನ ಹರಿಯಿತು. 1957ರಲ್ಲಿ ಅದೇ ದಾರಿಯನ್ನು ಮತ್ತೊಮ್ಮೆ ನಡೆದರು. 1964ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಭಾಗಭಾಗವಾಗಿ ನಡೆದು ಮೂರನೆಯ ಸಲವೂ ಪೂರೈಸಿದರು. 1973ರಲ್ಲಿ ಎಂಬತ್ತೈದು ವರ್ಷಗಳ ತುಂಬುಬಾಳನ್ನು ಮುಗಿಸಿದರು.

ಎಲ್ಲ ವೃದ್ಧರೂ ಪರ್ವತಗಳನ್ನು ಏರಬೇಕೆಂದು ಈ ಕಥೆ ಹೇಳುವುದಿಲ್ಲ. ದೇಹದ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದರೆ ಶಿಖರವನ್ನೇರಿದ ಆ ಕಾಲುಗಳು ಸಿದ್ಧವಾದದ್ದು ಊರಿನ ಬೀದಿಗಳಲ್ಲಿ, ದಿನದಿನದ ಸಣ್ಣ ನಡಿಗೆಯಲ್ಲಿ ಎಂಬುದನ್ನು ಮರೆಯಬಾರದು. ನಾಳೆ ನಿಮ್ಮ ಮನೆಯ ಅಜ್ಜಿಯೋ ತಾತನೋ ಊರಾಚೆಯ ಗುಡ್ಡವನ್ನು ಹತ್ತಿಬರುವ ಆಸೆಯನ್ನು ಹೇಳಿದರೆ, ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಎಂದು ತಡೆಯಬೇಡಿರಿ. ನೀರಿನ ಸೀಸೆಯನ್ನು ಹಿಡಿದು ನೀವೂ ಜೊತೆಗೆ ಹೊರಡಿರಿ. ಅವರು ದಣಿದಲ್ಲಿ ಕುಳಿತುಕೊಳ್ಳಿರಿ. ಅವರು ಎದ್ದಾಗ ಏಳಿರಿ.